ಅಪ್ಪನ ಮರ, ಸಂಜೆಯ ಗಾಳಿ

“ಗುರುಗಳೇ, ಸಿಟ್ಟನ್ನು ಬೇರುಸಹಿತ ಕಿತ್ತುಹಾಕುವುದು ಹೇಗೆ?”

ಹೀಗೆ ಕೇಳಿದವನು ಮಠದ ದಾಸೋಹ ನೋಡಿಕೊಳ್ಳುವ ಕರಿಬಸವ. ಒಳ್ಳೆಯ ಮನುಷ್ಯ. ಬಂದವರೆಲ್ಲ ಉಂಡ ಮೇಲೆಯೇ ತಾನು ಉಣ್ಣುವ ಹಿಂದಿನವರ ಪದ್ಧತಿಯನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ಆ ಮಧ್ಯಾಹ್ನ, ದೂರದಿಂದ ನಡೆದು ಬಂದ ಮುದುಕಿಯೊಬ್ಬಳು ಎರಡನೆಯ ಸಲ ಸಾರು ಕೇಳಿದ್ದಕ್ಕೆ ಅವಳ ಮೇಲೆ ಹರಿಹಾಯ್ದಿದ್ದ. ಅವಳು ಅರ್ಧ ಊಟದಲ್ಲೇ ಎದ್ದು ಹೋಗಿ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಯಾರು ಕರೆದರೂ ಒಳಗೆ ಬಂದಿರಲಿಲ್ಲ.

ಇದು ಮೊದಲ ಸಲವೇನೂ ಅಲ್ಲ. ಕರಿಬಸವ ಜಪ ಮಾಡಿ ನೋಡಿದ್ದ, ಮೌನ ಹಿಡಿದು ನೋಡಿದ್ದ. ಸಿಟ್ಟು ಜಪ್ಪಯ್ಯ ಅಂದರೂ ಅವನನ್ನು ಬಿಟ್ಟಿರಲಿಲ್ಲ. ಒಂದು ವರ್ಷ ಗವಿಯಲ್ಲಿ ಕೂತು ಅದನ್ನು ಸುಟ್ಟು ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಬಡಿಸುವುದಿಲ್ಲ, ಅಪ್ಪಣೆ ಕೊಡಿ ಎಂದು ಕೇಳಿಕೊಂಡ.

“ಒಬ್ಬ ಬೇಡನ ಕತೆ ಇದೆ” ಎಂದರು ಗುರುಗಳು.

“ಮಠದಲ್ಲಿ ಬೇಟೆಯ ಕತೆಯೇ?”

“ಕತೆ ಕೇಳಿದವರ ಎಲೆಗೆ ಯಾರೂ ಮಾಂಸ ಬಡಿಸುವುದಿಲ್ಲ. ಕೂತುಕೋ.”

ಕರಿಬಸವ ಕೂತ. ಗುರುಗಳು ಹೇಳಿದರು.

ಕಾಡಂಚಿನ ಒಂದು ಹಟ್ಟಿಯಲ್ಲಿ ಒಬ್ಬ ಯುವಕನಿದ್ದ. ಅವನಿಗೆ ಅದೇ ಹಟ್ಟಿಯ ಹುಡುಗಿಯ ಮೇಲೆ ಮನಸ್ಸು. ಹುಡುಗಿಗೂ ಅವನ ಮೇಲೆ ಮನಸ್ಸು. ಆದರೆ ಅಲ್ಲಿ ಒಂದು ಕಟ್ಟಳೆಯಿತ್ತು. ಹೆಣ್ಣು ಕೇಳುವ ಗಂಡು ತನ್ನ ಬಾಣದಿಂದಲೇ ಒಂದು ಜಿಂಕೆಯನ್ನು ಹೊಡೆದು, ಮುಂಗಾರಿನ ಮೊದಲ ಮಳೆಗೆ ಮುಂಚೆ ಅವಳ ತಂದೆಯ ಅಂಗಳದಲ್ಲಿ ಇಳಿಸಬೇಕು. ತಪ್ಪಿದರೆ ಆ ಮನೆಯವರು ಬೇರೆ ಗಂಡು ನೋಡಬಹುದು. ಹೆಣ್ಣಿನ ಕಡೆಯವರು ಬೇಟೆಯ ಬಗ್ಗೆ ಅವನಿಗೆ ಒಂದು ಮಾತೂ ಹೇಳಿಕೊಡುವಂತಿಲ್ಲ.

ಯುವಕನ ಗುರಿ ಎಂದರೆ ಗುರಿ. ಹಾಗಾಗಿ ಅವನಿಗೆ ಅಳುಕಿರಲಿಲ್ಲ. ನೇರವಾಗಿ ತನ್ನ ಅಪ್ಪನ ಮರಕ್ಕೆ ಹೋದ. ಅದು ದಿಣ್ಣೆಯ ಮೇಲಿನ ದೊಡ್ಡ ಮತ್ತಿಮರ. ಅಲ್ಲಿ ಕೂತರೆ ಕೆಳಗೆ ಜಿಂಕೆಗಳು ನೀರು ಕುಡಿಯುವ ಮಡು ಪೂರ್ತಿ ಕಾಣುತ್ತಿತ್ತು. ತೀರಿಹೋದ ಅಪ್ಪ ಅದೇ ಮರದಲ್ಲಿ ಅಟ್ಟಣೆ ಕಟ್ಟಿ ದೊಡ್ಡ ಬೇಟೆಗಾರ ಎನಿಸಿಕೊಂಡಿದ್ದ. ಮಗನೂ ಅಲ್ಲೇ ಅಟ್ಟಣೆ ಕಟ್ಟಿದ, ಸೊಪ್ಪು ಮುಚ್ಚಿದ, ಉಸಿರು ಬಿಗಿಹಿಡಿದು ಕೂತ.

ಸಂಜೆ ಹಿಂಡು ಬಂತು. ಮುಂದೆ ಒಂದು ಮುದಿ ಹೆಣ್ಣು ಜಿಂಕೆ. ಮೆಚ್ಚಬೇಕು ಅದನ್ನು. ಬೇಸಿಗೆಯ ಬಾಯಾರಿಕೆ, ಎದುರಿಗೆ ನೀರು. ಆದರೂ ಅದು ಬಾಯಿ ಹಾಕಲಿಲ್ಲ. ತಲೆ ಎತ್ತಿ ಮೂಗು ಅರಳಿಸಿತು. ನೆಲಕ್ಕೊಮ್ಮೆ ಕಾಲು ಬಡಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಹಿಂಡು ಮಾಯವಾಗಿತ್ತು.

ತನ್ನ ಮೈವಾಸನೆ ಅದಕ್ಕೆ ಬಡಿದಿದೆ ಎಂದು ಯುವಕನಿಗೆ ಗೊತ್ತಾಯಿತು. ಮರುದಿನ ಹಳ್ಳದಲ್ಲಿ ಮಿಂದು ಬಂದ. ಜಿಂಕೆ ಓಡಿತು. ಮೈಗೆಲ್ಲ ತುಂಬೆಸೊಪ್ಪು ಅರೆದು ಹಚ್ಚಿಕೊಂಡ. ಜಿಂಕೆ ಓಡಿತು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ, ಪಂಚೆಯನ್ನು ಮಣ್ಣಿನಲ್ಲಿ ಹೂತಿಟ್ಟು ಉಟ್ಟ. ಮದುವೆಗೆ ಮುಂಚೆಯೇ ಇಷ್ಟು ಮೀಯುವ ಮದುಮಗನನ್ನು ನಾವು ನೋಡೇ ಇಲ್ಲ ಎಂದು ಗೆಳೆಯರು ರೇಗಿಸಿದರು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಹುಡುಗಿಯ ಮನೆಗೆ ಬೇರೆ ಹಟ್ಟಿಯವರು ಬಂದು ಹೋದರೆಂಬ ಸುದ್ದಿಯೂ ಬಂತು. ಯುವಕನಿಗೆ ಅನ್ನ ಸೇರದಾಯಿತು.

ಹುಡುಗಿಯ ತಂದೆ ಆ ಸೀಮೆಗೇ ಹೆಸರಾದ ಬೇಟೆಗಾರ. ಅವನಿಗೆ ಈ ಹುಡುಗನೇ ಅಳಿಯನಾಗಲಿ ಎಂಬ ಆಸೆ. ಆದರೆ ಕಟ್ಟಳೆ ಕೈ ಕಟ್ಟಿಹಾಕಿತ್ತು. ಒಂದು ಸಂಜೆ ಅವನು ಆ ದಾರಿಯಾಗಿ ಹೋಗುತ್ತಿದ್ದವನಂತೆ ಮತ್ತಿಮರದ ಕೆಳಗೆ ನಿಂತ.

ಯುವಕ ಅಳುದನಿಯಲ್ಲಿ ಹೇಳಿದ: “ಮಾವ, ಎಷ್ಟು ಮಿಂದ್ರೂ ಈ ಮೈವಾಸನೆ ಹೋಗಲ್ಲವಲ್ಲ!”

“ನಂದೂ ಹೋಗಿಲ್ಲ ಕಣಪ್ಪ. ನಿನ್ನಷ್ಟು ಮೀಯೋನೂ ಅಲ್ಲ ನಾನು.”

ಅಷ್ಟಕ್ಕೆ ಅವನು ಬಾಯಿಗೆ ಬೀಗ ಹಾಕಿದ. ಸೊಂಟದ ಚೀಲದಿಂದ ಒಂದು ಚಿಟಿಕೆ ಬೂದಿ ತೆಗೆದ. ಕೈ ಮುಂದೆ ಚಾಚಿ ಬೆರಳು ಸಡಿಲಿಸಿದ. ಹಿಂತಿರುಗಿ ನೋಡದೆ ಹೊರಟುಹೋದ. ಎಂಥ ಮನುಷ್ಯ ನೋಡು. ಕಟ್ಟಳೆಯನ್ನೂ ಮುರಿಯಲಿಲ್ಲ, ಹುಡುಗನ ಕೈಯನ್ನೂ ಬಿಡಲಿಲ್ಲ.

ಬೂದಿ ಮರದ ಬುಡಕ್ಕೆ ಬೀಳಲಿಲ್ಲ. ಇಳಿಜಾರಿನಲ್ಲಿ ತೇಲುತ್ತಾ ನೆಟ್ಟಗೆ ಮಡುವಿನ ಕಡೆಗೆ ಹೋಯಿತು.

ಮರುದಿನ ಯುವಕ ತಾನೇ ಬೂದಿ ತಂದ. ಬೆಳಿಗ್ಗೆ ಹಾರಿಸಿದರೆ ಅದು ಮಡುವಿನಿಂದ ದಿಣ್ಣೆಗೆ ಏರಿತು. ಬಿಸಿಲು ಇಳಿದ ಮೇಲೆ ಹಾರಿಸಿದರೆ ದಿಣ್ಣೆಯಿಂದ ಮಡುವಿಗೆ ಇಳಿಯಿತು. ಅಪ್ಪ ಆ ಮರದಲ್ಲಿ ಕೂರುತ್ತಿದ್ದದ್ದು ಬೆಳಗಿನ ಹೊತ್ತು ಎಂಬುದು ಅವನಿಗೆ ಆಗ ನೆನಪಾಯಿತು. ಈಗ ಬೆಳಿಗ್ಗೆ ಮಡುವಿಗೆ ದನ ಹೊಡೆದು ತರುತ್ತಾರೆ. ಜಿಂಕೆ ಬರುವುದು ಸಂಜೆಗೆ ಮಾತ್ರ. ಅಪ್ಪನಿಗೆ ಒದಗಿದ ಮರವೇ ಮಗನ ಸುಳಿವನ್ನು ದಿನವೂ ಹಿಂಡಿಗೆ ಮುಟ್ಟಿಸುತ್ತಿತ್ತು.

ಆ ಮರ ಬಿಟ್ಟು ಇಳಿಯುವುದು ಅವನಿಗೆ ಸುಲಭವಾಗಿರಲಿಲ್ಲ. ಅಪ್ಪನ ಜಾಗ ಬಿಟ್ಟ ಮಗ ಎಂದು ಜನ ಆಡಿಕೊಳ್ಳುತ್ತಾರೆ. ಆದರೂ ಇಳಿದ. ಬೂದಿ ಹಾರಿಸುತ್ತಾ ಮಡುವನ್ನು ಸುತ್ತು ಹಾಕಿದ. ಗಾಳಿ ನೀರಿನ ಮೇಲಿಂದ ತನ್ನ ಮುಖಕ್ಕೆ ಬರಬೇಕು. ತನ್ನ ಬೆನ್ನ ಹಿಂದೆ ಜಿಂಕೆಯ ಜಾಡು ಇರಬಾರದು. ಅಂಥ ಜಾಗ ಸಿಕ್ಕಿದ್ದು ಒಂದೇ, ತಗ್ಗಿನಲ್ಲಿದ್ದ ಕಾರೆಮುಳ್ಳಿನ ಪೊದೆ. ಬೆನ್ನು ನೆಟ್ಟಗೆ ಮಾಡುವಂತಿಲ್ಲ. ನೋಡಲು ಗೇಣಗಲದ ಸಂದು. ಅದರೊಳಗೆ ತೆವಳಿ ಕೂತ. ಆ ದಿನ ಅವನು ಮಿಂದೂ ಇರಲಿಲ್ಲ.

ಸಂಜೆ ಹಿಂಡು ಬಂತು. ಮುದಿ ಜಿಂಕೆ ಮೂಗು ಎತ್ತಿತು. ಅಷ್ಟರಲ್ಲಿ ಗಾಳಿಯಲ್ಲಿ ಜಿಂಕೆಗಳ ವಾಸನೆಯೇ ತೇಲಿ ಬಂದು ಅವನಿಗೆ ತಾಗಿತು. ಇಷ್ಟು ದಿನದಲ್ಲಿ ಅದು ಅವನಿಗೆ ಬಂದದ್ದು ಇದೇ ಮೊದಲು. ಮುದಿ ಜಿಂಕೆ ತಲೆ ತಗ್ಗಿಸಿ ನೀರು ಕುಡಿಯಿತು. ಅವನು ಅದನ್ನು ಕುಡಿಯಗೊಟ್ಟ. ಮರಿಗಳನ್ನೂ ಕುಡಿಯಗೊಟ್ಟ. ಕೊನೆಗೆ ಬಂದ ಕೊಂಬಿನ ಜಿಂಕೆಗೆ ಬಾಣ ಬಿಟ್ಟ.

ಅದನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದಾಗ ಹುಡುಗಿಯ ತಂದೆ ಜಿಂಕೆಯ ಕಡೆ ನೋಡಲಿಲ್ಲ. ಯುವಕನ ಬೆನ್ನಿನ ಮೇಲಿದ್ದ ಮುಳ್ಳಿನ ಗೀರುಗಳನ್ನು ನೋಡಿ ಗಟ್ಟಿಯಾಗಿ ನಕ್ಕ. ಒಳಗಿದ್ದ ಹೆಂಡತಿಯನ್ನು ಕೂಗಿದ: “ಅರಿಶಿನ ತಾರೇ, ಅಳಿಯನ ಬೆನ್ನು ಗೀರಿದೆ.”

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಅರಳಿತ್ತು. ಆಮೇಲೆ ತನ್ನ ಪ್ರಶ್ನೆ ನೆನಪಾಗಿ ಮತ್ತೆ ಬಾಡಿತು.

“ಹಾಗಾದರೆ ನನ್ನ ಸಿಟ್ಟು ಹೋಗುವುದೇ ಇಲ್ಲವೇ?”

“ಆ ಮುದುಕಿಯನ್ನು ಗದರಿದಾಗ ನಿನ್ನ ಊಟವಾಗಿತ್ತೇ?”

“ಎಲ್ಲಿಯ ಊಟ ಗುರುಗಳೇ! ಬೆಳಗಿನಿಂದ ಹನಿ ನೀರೂ ಮುಟ್ಟಿರಲಿಲ್ಲ” ಎಂದ ಕರಿಬಸವ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಹಿಂದಿನವರು ಹಾಕಿಕೊಟ್ಟ ದಾರಿ. ದಾಸೋಹ ಮಾಡುವವನು ಉಣ್ಣಬೇಕಾದದ್ದು ಕೊನೆಗಲ್ಲವೇ?”

“ಸಂಜೆಯ ಮೊದಲ ಪಂಕ್ತಿಗೆ ಆ ಮುದುಕಿಯನ್ನು ಕರೆದು, ಅವಳ ಪಕ್ಕ ನೀನೂ ಕೂತು ಉಣ್ಣು, ಸೌಟು ಆಮೇಲೆ ಹಿಡಿ.”

ಕರಿಬಸವ ಎದ್ದು, ಮುದುಕಿ ಕೂತಿದ್ದ ಕಟ್ಟೆಯ ಕಡೆಗೆ ಹೊರಟ.