ಲೆಕ್ಕಕ್ಕೆ ಸಿಗದ ಮೆಟ್ಟಿಲು

ನದಿಯ ದಡದಲ್ಲೊಂದು ಸಂಶೋಧನಾಲಯ. ಅಲ್ಲಿ ಶಾಂಭವಿ ಮೇಡಂ ಬೆಳಕು ಹಾಯಿಸಿ ಪರಮಾಣುಗಳನ್ನು ಮಾತಾಡಿಸುತ್ತಿದ್ದರು. ಪಂಪಾಪತಿ ಅವರ ಶಿಷ್ಯ.

ಅವನ ಪಾಲಿಗೆ ಬಂದದ್ದು ಆಕ್ಟಿನಿಯಮ್. ಭಾರವಾದ ಧಾತು. ವಿಕಿರಣ ಸೂಸುತ್ತ ಸೂಸುತ್ತ ಬೇರೆ ಧಾತುವಾಗಿಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಎಲ್ಲಿಂದಲೋ ಬಂದಿತ್ತು, ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಮುಗಿದರೆ ಮತ್ತೆ ಯಾವಾಗ ಸಿಗುವುದೋ ಯಾರಿಗೂ ತಿಳಿಯದು.

ಪರಮಾಣುವಿನೊಳಗೆ ಶಕ್ತಿಯ ಮೆಟ್ಟಿಲುಗಳಿವೆ. ಲೇಸರ್ ಬೆಳಕಿನ ಬಣ್ಣ ಒಂದು ಮೆಟ್ಟಿಲಿಗೆ ಸರಿಯಾಗಿ ಹೊಂದಿದರೆ ಎಲೆಕ್ಟ್ರಾನು ಅದನ್ನು ಹತ್ತುತ್ತದೆ. ಹತ್ತಿದ್ದು ಗೊತ್ತಾಗಲೆಂದು ಯಂತ್ರ ಟಿಕ್ ಟಿಕ್ ಎನ್ನುತ್ತದೆ.

ಅಂಥದೊಂದು ಮೆಟ್ಟಿಲು ಎಲ್ಲಿರಬೇಕೆಂದು ಪಂಪಾಪತಿ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದ್ದ. ವಾರವಿಡೀ ಅದಕ್ಕೆ ಹೊಂದುವ ಬಣ್ಣದ ಬೆಳಕನ್ನೇ ಹಾಯಿಸಿದ. ಯಂತ್ರ ಸುಮ್ಮನಿತ್ತು.

ಒಂದು ಬೆಳಿಗ್ಗೆ ಮೇಡಂ ಬಂದು ಅವನ ಹಿಂದೆ ನಿಂತರು.

"ಏನಂತೆ?"

"ಏನೂ ಹೇಳ್ತಿಲ್ಲ ಮೇಡಂ. ಧಾತು ಅರ್ಧದಷ್ಟೂ ಉಳಿದಿಲ್ಲ."

"ಎಲ್ಲಿ ಕೇಳಿದೆ?"

"ಲೆಕ್ಕ ಹೇಳಿದ ಕಡೆ."

"ಬೇರೆ ಕಡೆ?"

"ಬೇರೆ ಕಡೆ ಇರೋಕೆ ಸಾಧ್ಯವೇ ಇಲ್ಲ." ಅವನು ತಡವರಿಸಿದ. "ಬಣ್ಣ ಬದಲಿಸುವಾಗ ದಾರಿಯಲ್ಲಿ ಒಂದು ಕಡೆ ಏನೋ ಸದ್ದಾಯ್ತು. ಯಂತ್ರದ ಗಲಾಟೆ ಅಂತ ದಾಟಿ ಬಂದೆ."

"ಆ ಗಲಾಟೆ ನನಗೂ ಒಂದ್ಸಲ ಕೇಳಿಸು."

ಪಂಪಾಪತಿಗೆ ಮನಸ್ಸಿರಲಿಲ್ಲ. ಉಳಿದ ಚೂರೂ ವ್ಯರ್ಥವಾಗುತ್ತದೆ ಎನಿಸಿತು. ಆದರೂ ಬೆಳಕಿನ ಬಣ್ಣವನ್ನು ನಿಧಾನವಾಗಿ ಕೆಂಪಿನ ಕಡೆಗೆ ತಿರುಗಿಸಿದ.

ಟಿಕ್ ಟಿಕ್ ಟಿಕ್.

ಮೇಡಂ ಮೇಜಿನ ಮೇಲಿದ್ದ ರಟ್ಟಿನ ಚೂರೊಂದನ್ನು ತೆಗೆದು ಬೆಳಕಿಗೆ ಅಡ್ಡ ಹಿಡಿದರು. ಸದ್ದು ನಿಂತಿತು. ರಟ್ಟು ಸರಿಸಿದರು. ಸದ್ದು ಶುರುವಾಯಿತು.

ರಟ್ಟನ್ನು ಅವನ ಕೈಗೆ ಕೊಟ್ಟರು.

ಅವನು ಅಡ್ಡ ಹಿಡಿದ. ಮೌನ. ಸರಿಸಿದ. ಟಿಕ್ ಟಿಕ್. ಮತ್ತೆ ಹಿಡಿದ, ಮತ್ತೆ ಸರಿಸಿದ.

"ಇದು ಗಲಾಟೆ ಅಲ್ಲ ಮೇಡಂ. ಬೆಳಕು ಬಿದ್ದಾಗ ಮಾತ್ರ ಎಲೆಕ್ಟ್ರಾನು ಹತ್ತುತ್ತಾ ಇದೆ."

"ಹೌದಾ?"

"ಅಂದ್ರೆ ನನ್ನ ಲೆಕ್ಕ ಪೂರ್ತಿ ತಪ್ಪು."

ಹೇಳುತ್ತಲೇ ಅವನಿಗೆ ನಗು ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆಮೇಲೆ ಅವನು, ಯಾರೂ ಹೇಳದೆಯೇ, ಬಣ್ಣವನ್ನು ಇನ್ನೂ ಸ್ವಲ್ಪ ತಿರುಗಿಸಿದ. ಆ ಬಣ್ಣಕ್ಕೆ ಯಾವ ಲೆಕ್ಕವೂ ಇರಲಿಲ್ಲ. ತುಸು ಹೊತ್ತು ಯಂತ್ರ ಸದ್ದು ಮಾಡಲಿಲ್ಲ. ಮತ್ತೆ ಟಿಕ್ ಟಿಕ್.

ಅವನು ತಿರುಗಿ ನೋಡಿದ. "ಇಲ್ಲೂ ಒಂದಿದೆ. ಒಟ್ಟು ಎಷ್ಟಿರಬಹುದು ಮೇಡಂ?"

"ಗೊತ್ತಿದ್ದಿದ್ದರೆ ನಾನು ಯಾವತ್ತೋ ಮನೆಗೆ ಹೋಗಿಬಿಡ್ತಿದ್ದೆ. ಸ್ವಲ್ಪ ಜರುಗು, ನಾನೂ ಕೂರ್ತೀನಿ."