ಇಡ್ಲಿಯೊಳಗಿನ ಮಾತ್ರೆ

ಕಥೆ ಹೇಳುವುದು ಹೊಸತು, ತಪ್ಪಾದರೆ ಮನ್ನಿಸಿ.

ವಾರಿಜಮ್ಮನ ಮನೆಯಲ್ಲಿ ಗುಂಡನೆಂಬ ನಾಯಿಯೂ ಸಿಂಗಾರಿಯೆಂಬ ಬೆಕ್ಕೂ ಇದ್ದವು. ಗುಂಡನಿಗೆ ಮೈತುಂಬ ತುರಿಕೆ. ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ವಾರಿಜಮ್ಮ ದಿನವೂ ಇಡ್ಲಿಯೊಳಗೆ ಅಡಗಿಸಿ ಕೊಡುತ್ತಿದ್ದಳು. ಇಡ್ಲಿಯೇ ಏಕೆಂದರೆ, ಅದು ಮೆತ್ತಗಿರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದು ತುರಿಕೆ ಹೋಯಿತು, ಆದರೆ ಆ ಮದ್ದಿನಿಂದ ಬಾಯಾರಿಕೆ ಹೆಚ್ಚಿತು.

"ನೀನು ನೀರು ಕುಡಿಯುವ ಸದ್ದಿಗೆ ನನಗೆ ನಿದ್ದೆಯಿಲ್ಲ," ಎಂದಿತು ಸಿಂಗಾರಿ. "ರೋಗ ಹೋದ ಮೇಲೂ ಮದ್ದು ನುಂಗುವ ದಡ್ಡನನ್ನು ನಾನು ಕಂಡಿಲ್ಲ. ಇಡ್ಲಿ ತಿನ್ನು, ಮಾತ್ರೆ ಉಗುಳು. ನಾನು ಚಾಪೆಯಡಿ ತಳ್ಳುತ್ತೇನೆ."

"ಆಗಲಿ ಅಕ್ಕಾ, ನೀನು ತಿಳಿದವಳು," ಎಂದಿತು ಗುಂಡ.

ಕೆಲವೇ ದಿನಗಳಲ್ಲಿ ಗುಂಡ ವಾಂತಿ ಮಾಡಿಕೊಂಡು ನೆಲ ಹಿಡಿಯಿತು. ಸಿಂಗಾರಿ ಚಾಪೆಯತ್ತ ಓಡಿತು. ಬೈಗುಳಕ್ಕೂ ಅಂಜದೆ ಚಾಪೆಯಡಿಯ ಮಾತ್ರೆಗಳನ್ನೆಲ್ಲ ಎಳೆದು ವಾರಿಜಮ್ಮನ ಕಾಲ ಬಳಿ ಹಾಕಿತು. ಅವಳು ಗಾಬರಿಯಿಂದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದ್ದನ್ನೆಲ್ಲ ಬೆಕ್ಕು ಕಿವಿಗೊಟ್ಟು ಕೇಳಿತು.

"ಅಕ್ಕಾ, ತುರಿಕೆ ಹೋಗಿತ್ತಲ್ಲ, ಹೀಗೇಕಾಯಿತು?" ಎಂದು ಗುಂಡ ಕೇಳಿತು.

"ತಪ್ಪು ನನ್ನದು, ಗುಂಡ. ಅಂಥದೇ ಮದ್ದನ್ನು ನಿನ್ನ ಮೈ ತಾನೇ ಮಾಡಿಕೊಳ್ಳುತ್ತಿತ್ತಂತೆ. ಹೊರಗಿನಿಂದ ಬರತೊಡಗಿದ ಮೇಲೆ ಆ ಕೆಲಸ ಬಿಟ್ಟು ಮಲಗಿತಂತೆ. ಮಾತ್ರೆಯೂ ನಿಂತಾಗ ಮೈಗೆ ಎರಡೂ ಇಲ್ಲದಂತಾಯಿತಂತೆ. ಅದನ್ನು ಎಬ್ಬಿಸಬೇಕಾದರೆ ಮಾತ್ರೆಯನ್ನು ಒಮ್ಮೆಲೇ ಬಿಡದೆ, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ..."

"ಗುಂಡಾ, ಏಳೋ, ಆಟೋ ಬಂತು," ಎಂದು ವಾರಿಜಮ್ಮ ಕರೆದಳು. ಗುಂಡ ಏಳಲಾರದೆ ಬಾಲವನ್ನಷ್ಟೇ ಆಡಿಸಿತು. ಅವಳೇ ಎತ್ತಿಕೊಂಡು ಡಾಕ್ಟರ ಬಳಿ ಹೋದಳು.

ಆ ರಾತ್ರಿ ನೀರಿನ ಬಟ್ಟಲು ತುಂಬಿಯೇ ಉಳಿಯಿತು. ಮನೆಯಲ್ಲಿ ಈಗ ಯಾವ ಸದ್ದೂ ಇರಲಿಲ್ಲ. ಸಿಂಗಾರಿಗೆ ನಿದ್ದೆಯೂ ಬರಲಿಲ್ಲ.