ಗೀಜಗನ ಹಿತ್ತಿಲಿಗೆ ಬಂದ ಅತಿಥಿ

ಈಚಲು ಮರದಡಿಯ ಪಾಳು ಹಿತ್ತಿಲನ್ನು ಗೆಳೆಯರು ಕೂಡುವ ಜಾಗವಾಗಿ ಮಾಡಬೇಕೆಂದು ಗೀಜಗ ಹಕ್ಕಿಗೆ ಆಸೆಯಾಯಿತು. ಮುಳ್ಳು ಕಿತ್ತು, ಹುಲ್ಲಿನ ಚಾಪೆ ಹೆಣೆದು ಹಾಸಿ, ಮೇಲೊಂದು ಚಪ್ಪರ ಹಾಕತೊಡಗಿತು. ಆದರೆ ಪ್ರತಿ ಸಂಜೆಯೂ ಚಪ್ಪರ ಎಲ್ಲೋ ಓರೆಯಾಗಿದೆ ಎನಿಸಿ, ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುತ್ತಿತ್ತು. ಯಾರನ್ನೂ ಕರೆದಿರಲಿಲ್ಲ.

ಒಂದು ದಿನ ಕಾಗೆ ಬಂದು ಹೇಳಿತು: “ನಿನ್ನ ಗೆಳೆಯ ಕೊಕ್ಕರೆ ನಾಳೆ ಬೆಳಿಗ್ಗೆ ದೂರದ ಕೆರೆಗೆ ಹೊರಡುತ್ತಾನೆ. ಕರೆಯುವುದಾದರೆ ಇವತ್ತೇ ಕರೆ.”

“ಚಪ್ಪರದಲ್ಲಿ ಇನ್ನೂ ದೊಡ್ಡ ತೂತಿದೆ. ಇಂಥಲ್ಲಿಗೆ ಅವನನ್ನು ಹೇಗೆ ಕರೆಯಲಿ?” ಎಂದಿತು ಗೀಜಗ.

“ಅವನಿಗೆ ನೋಡಬೇಕಾಗಿರುವುದು ನಿನ್ನನ್ನು,” ಎಂದ ಕಾಗೆ, ಅನ್ನದ ಅಗುಳು ಕಂಡಾಗ ಬಳಗವನ್ನು ಕೂಗುವ ಹಾಗೆ ಎಲ್ಲರನ್ನೂ ಕೂಗಿಬಿಟ್ಟಿತು.

ಅಳಿಲು ಬಂತು, ಮೈನಾಗಳು ಬಂದವು, ಅವುಗಳ ಹಿಂದೆಯೇ ಕೊಕ್ಕರೆಯೂ ಬಂತು. ಗೀಜಗ ನಾಚಿಕೆಯಿಂದ ಹುಲ್ಲೆಳೆ ಕಚ್ಚಿಕೊಂಡು ತೂತು ಮುಚ್ಚಲು ಹಾರಿತು. ಅಷ್ಟರಲ್ಲಿ ಕೊಕ್ಕರೆ ಚಾಪೆಯ ಮೇಲೆ ನಿಂತು, ತನ್ನ ಉದ್ದ ಕತ್ತನ್ನು ಅದೇ ತೂತಿನಿಂದ ಮೇಲಕ್ಕೆ ತೂರಿಸಿತು.

“ಇದನ್ನು ಮುಚ್ಚಬೇಡ ಗೆಳೆಯಾ,” ಎಂದಿತು. “ಬೇರೆಯವರ ಚಪ್ಪರಗಳಲ್ಲಿ ನಾನು ಕತ್ತು ಬಗ್ಗಿಸಿಯೇ ನಿಲ್ಲಬೇಕಾಗುತ್ತದೆ.”

ಗೀಜಗ ಹುಲ್ಲೆಳೆಯನ್ನು ಕೆಳಗೆ ಬಿಟ್ಟಿತು. ಕತ್ತಲಾಗುವವರೆಗೂ ಅದು ಗೆಳೆಯನ ಪಕ್ಕದಿಂದ ಏಳಲಿಲ್ಲ.